ಹತ್ತೊಂಬತ್ತನೆಯ ಧ್ವನಿ

ಕುಬಾನಿಚ್ ಬಾಯ್ಕೆಗೆ,

ಹಿರಿಯಣ್ಣನಿಗೆ ಬರೆಯುವಾಗ ಮೊದಲು ಆರೋಗ್ಯ, ಆಮೇಲೆ ಕುರಿಗಳ ಯೋಗಕ್ಷೇಮ ಕೇಳಬೇಕು. ನಾನು ಕೇಳುವುದಿಲ್ಲ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಅಲ್ಮಾಟಿ ಬಸ್ಸಿನ ಚಾಲಕನ ಕೈಯಲ್ಲಿ ಈ ಕಾಗದ.

ಮಂಗಳವಾರ ನಮ್ಮೂರ ಶಾಲೆಯನ್ನು ಬೇರೆಡೆಗೆ ಸಾಗಿಸಬೇಕೇ ಎಂಬ ವಿಚಾರಣೆ ನಡೆಯಿತು. ಹಳೆಯ ಗಣಿಯ ವಿಷದ ಕಸ ಎಲ್ಲಿ ಹೂತಿದೆ ಎಂದು ಹತ್ತೊಂಬತ್ತು ಹಿರಿಯರು ಹೇಳಿದ್ದನ್ನು ನಾವು ಎರಡು ಚಳಿಗಾಲ ಮನೆಮನೆ ಅಲೆದು ಧ್ವನಿಮುದ್ರಿಸಿದ್ದೆವಲ್ಲ, ಅದನ್ನು ಅಲ್ಲಿ ಕೇಳಿಸಬೇಕಿತ್ತು. ಅವರ ಮಾತಿನ ಬರಹಕ್ಕೆ ಧ್ವನಿ ಜೋಡಿಸಲೆಂದು ನೀವು ಸಿದ್ಧಪಡಿಸಿದ ಎಕ್ಸ್‌ಎಂಎಲ್ ದಾಖಲೆ ತೆರೆದೆ. ಬರಹ ಬಂತು. ಬರಹದ ಕೆಳಗೆ ಧ್ವನಿಯ ಕಡತಕ್ಕೆ ಕೊಟ್ಟ ಕೊಂಡಿ ಒತ್ತಿದೆ. ಕಡತ ಸಿಗಲಿಲ್ಲ. ಹತ್ತೊಂಬತ್ತರಲ್ಲಿ ಒಂದೂ ಸಿಗಲಿಲ್ಲ. ಅಧ್ಯಕ್ಷೆ ಕನ್ನಡಕ ಮೇಲೇರಿಸಿ, "ಏನಮ್ಮಾ ನೂರ್ಜಾತ್, ಹತ್ತೊಂಬತ್ತು ಜನ ಮೂಗರನ್ನ ಕರ್ಕೊಂಡ್ ಬಂದಿದೀಯಾ? ಬರ್ದಿರೋದನ್ನ ಯಾರ್ ಬೇಕಾದ್ರೂ ಬರೀಬಹುದು. ಧ್ವನಿ ತಗೊಂಡ್ ಬಾ, ಶುಕ್ರವಾರದವರೆಗೆ ಕಾಯ್ತೀನಿ" ಎಂದರು. ಹಿಂದಿನ ಸಾಲು ನಕ್ಕಿತು.

ಕೊಂಡಿಗಳನ್ನು ಬಿಚ್ಚಿ ನೋಡಿದರೆ ನಿಮ್ಮ ವಂಶಾವಳಿ: ಸಿ ಡ್ರೈವ್, ಅದರೊಳಗೆ ಕುಬಾನಿಚ್, ಅದರೊಳಗೆ ಡೆಸ್ಕ್‌ಟಾಪ್, ಹೊಸ ಫೋಲ್ಡರ್, ಹೊಸ ಫೋಲ್ಡರ್ ಎರಡು. ನಾನು ಆಗಲೇ ಹೇಳಿದ್ದೆ, ದಾಖಲೆ ಇರುವಲ್ಲಿಂದ ದಾರಿ ಬರೆಯಿರಿ, ಪಕ್ಕದ ಫೋಲ್ಡರಿನಲ್ಲಿದೆ ಎಂದರೆ ಸಾಕು, ಎರಡನ್ನೂ ಒಟ್ಟಿಗೆ ಎಲ್ಲಿಗೆ ಒಯ್ದರೂ ಸಿಗುತ್ತದೆ ಎಂದು. ನೀವು ಚಹಾದ ಬಟ್ಟಲು ಕೆಳಗಿಟ್ಟು, "ಏ ಹುಡುಗಿ, ಕಿರ್ಗಿಜ್ ಅಂದ್ಮೇಲೆ ಏಳು ತಲೆಮಾರಿನ ಹೆಸರು ಹೇಳ್ಬೇಕು. ಕಡತಕ್ಕೂ ಅಷ್ಟೇ, ಬುಡದಿಂದ ಹೇಳ್ಬೇಕು. ನೀನು ಊರಿಗೆಲ್ಲ ಹಂಚೋ ಕರಪತ್ರದಲ್ಲಿ ಇದಿಲ್ವಾ?" ಎಂದಿರಿ. ಎಲ್ಲರ ಜೊತೆ ನಾನೂ ನಕ್ಕೆ. ನಗಬಾರದಿತ್ತು. ಏಳು ತಲೆಮಾರು ಮನುಷ್ಯ ಹೋದಲ್ಲಿಗೆಲ್ಲ ಬರುತ್ತದೆ. ನಿಮ್ಮ ಡೆಸ್ಕ್‌ಟಾಪ್ ನಿಮ್ಮೊಬ್ಬರ ಜೊತೆ ಅಲ್ಮಾಟಿಗೆ ಹೋಯಿತು.

ನನ್ನ ಕರಪತ್ರದಲ್ಲಿ ಇರುವುದು ಬೇರೆ, ಬಾಯ್ಕೆ. ಜನರ ಸಾಕ್ಷ್ಯ ಜನರ ಸೊತ್ತು ಎಂದಿದೆ. ಅದನ್ನು ಒಬ್ಬನ ಕೋಣೆಗೆ ಕಟ್ಟಿಹಾಕಿದರೆ, ಕದಿಯುವ ಮನಸ್ಸಿಲ್ಲದಿದ್ದರೂ ಕದ್ದ ಹಾಗೆಯೇ.

ನಾನೂ ಸಾಚಾ ಅಲ್ಲ. ಸಿಟ್ಟಿನಲ್ಲಿ ನಿಮ್ಮ ಹೆಸರನ್ನು ಇಡೀ ದಾಖಲೆಯಿಂದ ಒಂದೇ ಏಟಿಗೆ ಅಳಿಸಿದೆ. ಸಾಕ್ಷಿಗಳ ಮಾತಿನೊಳಗೆ ಇನ್ನೊಬ್ಬ ಕುಬಾನಿಚ್ ಇದ್ದ, ಗಣಿಯಲ್ಲಿ ಸತ್ತವನು. ಅವನೂ ಅಳಿಸಿಹೋದ. ಹಳೆಯ ಪ್ರತಿ ತೆಗೆದು, ನೀವು ಹೋಗುವಾಗ ಕೊಟ್ಟ ಡಿಸ್ಕಿನ ಧ್ವನಿಗಳು ಸಿಗುವಂತೆ ಒಂದೊಂದೇ ಕೊಂಡಿಯನ್ನು ಕೈಯಾರೆ ತಿದ್ದಿದೆ. ಹದಿನೆಂಟು ಧ್ವನಿಗಳು ಬಂದವು.

ಹತ್ತೊಂಬತ್ತನೆಯದು ಆ ಡಿಸ್ಕಿನಲ್ಲೇ ಇಲ್ಲ. ಅದು ಬುರುಲ್ಚಾ ಅಪಾಳದು. ಉಳಿದವರೆಲ್ಲ ಕೇಳಿದ್ದನ್ನು ಹೇಳಿದರು. ಆ ಮುದುಕಿ ಮಾತ್ರ ಮಾಡಿದ್ದನ್ನು ಹೇಳಿದಳು. "ಪೀಪಾಯಿ ಲಾರಿಯಿಂದ ಇಳ್ಸಿದ್ದೇ ನಾನು ಕಣ್ರೋ. ಈಗ ಶಾಲೆ ಮಕ್ಕಳು ಚೆಂಡಾಡ್ತಾವಲ್ಲ, ಅದೇ ಜಾಗ. ನನ್ ಮೊಮ್ಮಗಳೂ ಅಲ್ಲೇ ಆಡ್ತಾಳೆ" ಎಂದು ತಲೆವಸ್ತ್ರದ ಅಂಚಿನಿಂದ ಮುಖ ಒರೆಸಿಕೊಂಡಿದ್ದಳು. ಏಪ್ರಿಲ್‌ನಲ್ಲಿ ಅವಳನ್ನು ಮಣ್ಣು ಮಾಡಿದೆವು. ಇನ್ನೊಮ್ಮೆ ಹೋಗಿ ಕೇಳುವಂತಿಲ್ಲ.

ಕ್ಷಮೆ ಬರೆಯಬೇಡಿ, ಕಾರಣ ಬರೆಯಬೇಡಿ. ಈ ಚಾಲಕ ನಾಳೆ ಸಂಜೆ ಹಿಂದಿರುಗುತ್ತಾನೆ. ಅಪಾಳ ಮಾತನ್ನು ಪೆನ್‌ಡ್ರೈವಿಗೆ ಹಾಕಿ ಅವನ ಜೇಬಿಗಿಡಿ. ಅಳಿಸಿಹೋಗಿದ್ದರೆ ಅದನ್ನಾದರೂ ನಿಜ ಹೇಳಿ. ಆಗ ಶುಕ್ರವಾರ ನಾನೇ ಎದ್ದುನಿಂತು ಆ ಮಾತು ಹೇಳುತ್ತೇನೆ. ಅವರು ನಂಬುವುದಿಲ್ಲ, ಗೊತ್ತು.

ಕಳಿಸಿದರೆ, ನಮ್ಮ ಹಿರಿಯರು ಹರಸುವ ಹಾಗೆ, ಆ ಕೈಗೆ ನೋವು ತಾಗದಿರಲಿ.

ಸಿಟ್ಟು ಇಳಿಯದ ತಂಗಿ,
ನೂರ್ಜಾತ್