ನಲವತ್ತೊಂದನೆಯ ನಂಬರು

ಅಪ್ಪ,

ಇಡೀ ಓಹಿಯೊದಲ್ಲಿ ನಮ್ಮಷ್ಟು ದರಿದ್ರ ಫುಟ್‌ಬಾಲ್ ತಂಡ ಇನ್ನೊಂದಿಲ್ಲ. ಈ ಸೀಸನ್ನಿನ ಕೊನೆಯ ಪಂದ್ಯವನ್ನೂ ಇವತ್ತು ಸೋತೆವು.

ಆಟಕ್ಕೆ ಮುಂಚೆ ಹೈಸ್ಕೂಲಿನ ಕೊನೆಯ ವರ್ಷದ ಹುಡುಗರನ್ನು ಅಪ್ಪ ಅಮ್ಮಂದಿರು ಕೈಹಿಡಿದು ಮೈದಾನಕ್ಕೆ ಕರೆತಂದರು. ನನ್ನ ಒಂದು ಕೈಯಲ್ಲಿ ಅಮ್ಮನ ಕೈಯಿತ್ತು, ಇನ್ನೊಂದರಲ್ಲಿ ಹೆಲ್ಮೆಟ್. ನೀನು ಎದುರಾಳಿಗಳ ಗ್ಯಾಲರಿಯಲ್ಲಿ ನಮಗೆ ಬೆನ್ನು ಹಾಕಿ ಹಾಟ್‌ಡಾಗ್ ತಿನ್ನುತ್ತಿದ್ದೆ. ಆ ತಂಡದಲ್ಲಿ ಆಡುವ, ನಿನ್ನ ಹೊಸ ಹೆಂಡತಿಯ ಮಗ ಕೋಲ್ಟನ್‌ನ ನಂಬರು ನಿನ್ನ ಜರ್ಸಿಯ ಬೆನ್ನ ಮೇಲಿತ್ತು. ಅದನ್ನು ಚೆನ್ನಾಗಿ ನೋಡಿಟ್ಟುಕೊಂಡೆ.

ಅದೇ ನಂಬರಿನವನು ಚೆಂಡು ಹಿಡಿದು ಓಡಿಬಂದಾಗ ಅಡ್ಡಬಿದ್ದು ಕೆಡವಿದೆ. ಅವನ ಮಂಡಿ ಲಟಕ್ಕೆಂದಿತು.

"ಇವನಿನ್ನು ಏಳಲ್ಲ ಬಿಡೋ," ಎಂದ ನಮ್ಮ ತಂಡದ ಡಿಶಾನ್.

ಯಾರಿಗಾದರೂ ಪೆಟ್ಟಾದರೆ ಎರಡೂ ಕಡೆಯವರು ಒಂದು ಮಂಡಿಯೂರಿ ಕೂರಬೇಕು. ನಾನೂ ಕೂತೆ. ನೀನು ಕಂಬಿಯವರೆಗೂ ಓಡಿಬಂದು, "ಮಗಾ, ಅಲ್ಲಾಡ್ಬೇಡ! ನಾನಿಲ್ಲೇ ಇದೀನಿ ಕಣೋ!" ಎಂದು ಕೂಗಿದೆ.

ಆಮೇಲೆ ನನ್ನ ಕಡೆ ತಿರುಗಿದೆ. ಈ ತಂಡದಲ್ಲಿ ನಾನಿರುವುದು ನಿನಗೆ ಗೊತ್ತಿತ್ತು. ನನ್ನ ನಂಬರು ಗೊತ್ತಿರಲಿಲ್ಲ, ಮುಖ ಹೆಲ್ಮೆಟ್ಟಿನ ಜಾಲರಿಯ ಹಿಂದಿತ್ತು.

"ಏಯ್ ನಲವತ್ತೊಂದು! ಯಾವನೋ ನಿಮ್ಮಪ್ಪ? ಇದನ್ನೇ ಏನೋ ಕಲಿಸಿದ್ದು?"

ಕೈ ಹೆಲ್ಮೆಟ್ಟಿನ ಪಟ್ಟಿಗೆ ಹೋಯಿತು. ನಿನ್ನ ಕಣ್ಣುಗಳು ಒದ್ದೆಯಾಗಿದ್ದವು. ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡೆ.