ಸಾವಿರದ ಇನ್ನೂರ ಅರವತ್ತು ದಿನ

ಅಕ್ಟೋಬರ್ 3, 2024, ಗುರುವಾರ. ಬೀದರ

ದವಾಖಾನ್ಯಾಗ ಮಾರ್ನಿಂಗ್ ಡ್ಯೂಟಿ ಮುಗಿಸಿ ಸೀದಾ ಚರ್ಚಿಗೆ. ಹೆಂಗಸರ ಬೈಬಲ್ ಸ್ಟಡಿ. ಬೈಬಲ್ಲಿನ ಕಡೇ ಪುಸ್ತಕ ಪ್ರಕಟನೆ, ಹದಿಮೂರನೇ ಅಧ್ಯಾಯ. ಪಾಸ್ಟರ್ ರಾಜರತ್ನ ಇದನ್ನ ನನ್ನ ಕೊರಳಿಗೆ ಕಟ್ಟಿ ಎರಡು ತಿಂಗಳಾತು. ಹೆಪ್ಸಿಬಾ ಕೇಳಿದಳು, "ಸಿಸ್ಟರ್, ಮೃಗ ಅಂದ್ರ ಈಗಿನ ಯಾವ ದೇಶರಿ?"

ಯಾವ ದೇಶನೂ ಅಲ್ಲ ಅಂದೆ. ಇದು ಪತ್ರ. ರೋಮಿನ ಅಂಜಿಕಿಯಾಗ ಇದ್ದ ಏಳು ಸಣ್ಣ ಸಭೆಗಳಿಗೆ ಬರದದ್ದು. ಹೆಸರು ಹಿಡದು ಬರದ್ರ ಜೀವಕ್ಕ ಕುತ್ತು. ಅದಕ್ಕ ಮೃಗ, ಕೊಂಬು, ಅಂಕಿ. ಅವರಿಗೆ ಏನು ಹೇಳ್ತು ಅಂತ ಮೊದಲು ನೋಡ್ರಿ, ನಮಗೇನು ಅನ್ನೂದು ಆಮ್ಯಾಲ.

ಚಲೋ ಹೇಳಿದೆ ಅನಿಸ್ತು. ಸ್ವಲ್ಪ ಹೆಮ್ಮಿನೂ.

ಅಕ್ಟೋಬರ್ 15, ಮಂಗಳವಾರ

ಭಾಲ್ಕಿಯಿಂದ ಡಯಾಲಿಸಿಸ್ ಟೆಕ್ನಿಶಿಯನ್ ನದೀಮನ ಫೋನ್. "ಮೇಡಂ, ನಿಮ್ಮ ತಮ್ಮ ಸೈಮನ ಸರ್ ಶುಕ್ರವಾರ ಬರಲಿಲ್ಲ, ಇವತ್ತೂ ಬಂದಿಲ್ರಿ. ಫೋನ್ ಎತ್ತವಲ್ರು."

ವಾರಕ್ಕ ಎರಡು ಸರ್ತಿ. ಕಿಡ್ನಿ ಹೋದಾಗಿಂದ ಒಂದೂ ತಪ್ಪಿಸಿದವನಲ್ಲ. ದಸರಾ, ಡ್ಯೂಟಿ ಅಂತ ನಾ ಹತ್ತು ದಿನ ಮಾತಾಡಿಸಿಲ್ಲ. ನರ್ಸ್ ಅಂತ ನಾನು...

ಅಕ್ಟೋಬರ್ 16, ಬುಧವಾರ. ಭಾಲ್ಕಿ

ಮುಖ ಊದ್ಯದ. ಕಾಲು ಒತ್ತಿದ್ರ ಕುಣಿ ಬೀಳ್ತದ. ಮ್ಯಾಲ ನಗ್ತಾನ.

"ಐತ್ವಾರದ ತನಕ ಅಷ್ಟೇ ಅಕ್ಕಾ. ಆಮ್ಯಾಲ ಹೊಸಾ ಶರೀರ."

ಔರಾದದಾಗ ಮೂರು ದಿನದ ಕೂಟ ಇತ್ತಂತ. ಯಾವನೋ ಬೋಧಕ, ಪ್ರಕಟನೆಯ 1260 ದಿನ ಎಣಸ್ರಿ, ಕರ್ತ ಯೇಸು ತಿರುಗಿ ಬಂದು ಸತ್ತವರನ್ನ ಎಬ್ಬಸ್ತಾನ ಅಂದನಂತ. ಎಲ್ಲಿಂದ ಎಣಸಬೇಕು ಅನ್ನೂದು ಹೇಳಿಲ್ಲ. ಸೈಮನ ಹೈಸ್ಕೂಲಿನಾಗ ಗಣಿತ ಕಲಸಂವ. ತಾನೇ ಎಣಸ್ಯಾನ. ನೋಟಬುಕ್ ತೋರಿಸಿದ. 9 ಮೇ 2021ರಿಂದ ಶುರು. ಲೀಪ್ ಇಯರ್ ಸೈತ ಬಿಟ್ಟಿಲ್ಲ. ಸರೀ ಈ ಐತ್ವಾರಕ್ಕ ಬರ್ತದ.

ಒಂಬತ್ತನೇ ಮೇ — ಅವನ ಹೆಂಡ್ತಿ ರೆಬೆಕ್ಕಾ ಕೊರೊನಾದಾಗ ಆಕ್ಸಿಜನ್ ಸಿಗಲಾರದ ಹೋದ ದಿನ.

ಪತ್ರ ಅದು, ಟೈಮ್‌ಟೇಬಲ್ ಅಲ್ಲ ಅಂದೆ. ಕಷ್ಟಕ್ಕೂ ಒಂದು ಮಿತಿ ಅದ ಅನ್ನಲಿಕ್ಕೆ ಆ ಅಂಕಿ. ಆ ದಿನ ತನಗೂ ಗೊತ್ತಿಲ್ಲ ಅಂತ ಯೇಸುನೇ ಅಂದಾನ. ಎಲ್ಲಾ ಕೇಳಿದ. ಗೋಣು ಹಾಕಿದ.

"ನೀ ಹೇಳೂದು ಖರೇ ಇರಬಹುದು ಅಕ್ಕಾ. ಆದ್ರ ನಿನ್ನ ಅರ್ಥದಾಗ ಆಕಿ ನನಗ ಯಾವ ದಿನ ಸಿಗ್ತಾಳ?"



ಅಕ್ಟೋಬರ್ 18, ಶುಕ್ರವಾರ

ಪಾಸ್ಟರ್ ಬಂದು ಹೋದ್ರು. ಪ್ರಾರ್ಥನಿ ಮಾಡಿದ್ರು. ಸೈಮನ ಎಲ್ಲಾರಕಿಂತ ಜೋರು ಆಮೆನ್ ಅಂದ. ಡಾಕ್ಟರಿಗೆ ಕೇಳಿದೆ, ಡಯಾಲಿಸಿಸಿಗೆ ಎತ್ತಿಕೊಂಡೇ ಬರ್ಲೇನ್ರಿ ಅಂತ. "ತಿಳುವಳಿಕಿ ಇದ್ದ ಮನಶಾ, ಒಲ್ಲೆ ಅಂದ್ರ ಸೂಜಿ ಚುಚ್ಚಲಿಕ್ಕೆ ಬರಂಗಿಲ್ಲ ಸಿಸ್ಟರ್."

ಕಾಲು ಹಿಡದೆ. ನನ್ನ ತಮ್ಮನ ಕಾಲು. ಬೆರಳಚ್ಚು ಹಾಂಗೇ ಉಳೀತು.

ಅಕ್ಟೋಬರ್ 20, ಐತ್ವಾರ. ಸಂಜಿ 5

ಮುಂಜಾನಿಂದ ಬಿಳಿ ಅಂಗಿ ಹಾಕ್ಕೊಂಡು ಬಾಗಲದಾಗ ಕುರ್ಚಿ ಮ್ಯಾಲ. ಉಸಿರು ಸಣ್ಣಗ, ಬಿರಬಿರ. ಬಾಜೂ ಮನಿ ಕಾಂತಾಬಾಯಿ ಮೂರು ಸರ್ತಿ ಇಣುಕಿದಳು. "ಸರ್ ಯಾರ್ದ ಹಾದಿ ಕಾಯ್ಲಿಕತ್ಯಾರ್ರಿ?"

ಬಿಸಿಲು ಇಳಿಲಿಕತ್ತದ. ಈಗಷ್ಟೇ ನನ್ನ ಕಡಿ ತಿರುಗಿದ. ನಗು ಇಲ್ಲ.

"ಲೆಕ್ಕ ತಪ್ತು ಅಕ್ಕಾ. ನಡಿ, ದವಾಖಾನಿಗೆ."

ಆಂಬುಲೆನ್ಸಿಗೆ ಫೋನ್ ಮಾಡೀನಿ. ಇನ್ನೂ ಬಂದಿಲ್ಲ. ಅದರ ಹಾದಿ ನೋಡ್ತಾ ಬರಿಲಿಕತ್ತೇನಿ.

ಅಕ್ಟೋಬರ್ 22, ಮಂಗಳವಾರ

ಬೀದರದ ಹಾದಿಗೆ ಆಂಬುಲೆನ್ಸಿನಾಗ ಕೇಳಿದ, ದೇವರು ಕಣ್ಣೀರು ಒರಸ್ತಾನ ಅಂತ ಬರದದಲ್ಲ, ಆ ವಚನ ಹೇಳು. ಹೇಳಿದೆ. ಸಾವು ಇರಂಗಿಲ್ಲ, ಅಳು ಇರಂಗಿಲ್ಲ.

"ಯಾವಾಗ ಅಂತ ಬರದಿಲ್ಲಲ್ಲ?"

"ಇಲ್ಲೋ."

ನಮ್ಮ ದವಾಖಾನಿಗೆ ಮುಟ್ಟಿದ್ವಿ. ಡಯಾಲಿಸಿಸ್ ಮಷೀನಿಗೆ ಹಾಕಿದ್ರು. ನಲವತ್ತು ನಿಮಿಷ. ಹಾರ್ಟ್ ನಿಂತಿತು. ಎದಿ ಒತ್ತಲಿಕ್ಕೆ ಹೋದೆ, ಜೋಡಿ ಡ್ಯೂಟಿಯವರು ನನ್ನ ಹಿಂದ ಎಳದ್ರು.

ನಿನ್ನೆ ಮಣ್ಣು. ರೆಬೆಕ್ಕಾನ ಬಾಜೂಕ ಜಾಗ ಇಲ್ಲ; ಆ ವರ್ಷದವರೆಲ್ಲ ಒತ್ತೊತ್ತಿ ಮಲಗ್ಯಾರ. ಗ್ವಾಡಿ ಕಡಿ, ಒಬ್ಬನೇ.

ಅಕ್ಟೋಬರ್ 26, ಶನಿವಾರ. ಭಾಲ್ಕಿ

ಅವನ ಮನಿ ಖಾಲಿ ಮಾಡಲಿಕತ್ತೇನಿ. ಕಾಂತಾಬಾಯಿ ಕೈ ಹಚ್ಚಲಿಕ್ಕೆ ಬಂದಳು. ಅರಿವಿ ಮಡಚಿದಳು, ಪಾತ್ರಿ ಕಟ್ಟಿದಳು. ಆಮ್ಯಾಲ ಹೊಸ್ತಿಲ ಮ್ಯಾಲ ಕುಂತು ಕೇಳಿದಳು —

"ಹನ್ನಾಬಾಯಿ, ಈಗ ಸರ್ ರೆಬೆಕ್ಕಾಬಾಯಿ ಕೂಡ ಇರ್ತಾರಲ್ರಿ? ನಿಮ್ಮ ಪುಸ್ತಕದಾಗ ಹಾಂಗ ಬರದದಂತಲ್ಲ."

ಬರದದರಿ ಅಂದೆ. ಪುಸ್ತಕ ತೊಡಿ ಮ್ಯಾಲ ತಗೊಂಡೆ. ಆಕಿ ಸೆರಗು ಸರಿಮಾಡ್ಕೊಂಡು ಹತ್ರ ಸರದಳು.

"ಇದನ್ನ ಹ್ಯಾಂಗ ಓದಬೇಕಂದ್ರ ಕಾಂತಾಬಾಯಿ..." ಅಂದೆ. ಮುಂದ ಅರ್ಥ ಹೇಳೂದು ಬಿಟ್ಟು, ಕಣ್ಣೀರು ಒರಸೂ ವಚನ ತಗದು ಆಕಿಗೆ ಓದಿದೆ.