ಗಂಟು ಹದಿನೆಂಟು ತುಂಬುವವರೆಗೆ ಕಾಯುವುದಿಲ್ಲ

ಮಾನ್ಯ ಚಿತ್ರ ಪ್ರಮಾಣಪತ್ರ ಅಧಿಕಾರಿಗಳೇ,

ಇಬ್ಬರು ಪೋಲಿ ಗೆಳೆಯರ ಆ ಹಾಸ್ಯಚಿತ್ರಕ್ಕೆ ನೀವು ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಒತ್ತಿದ್ದೀರಿ. ಅದನ್ನು ತೆಗೆಯಿರಿ. ಈ ಚಿತ್ರ ತೆಗೆದವಳು ನಾನಲ್ಲ, ಹಂಚಿದವಳೂ ಅಲ್ಲ. ಕೇರಳದ ಚಾಲಕ್ಕುಡಿಯ ಒಂದು ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವವಳು. ನೀವು ಒತ್ತಿದ ಮುದ್ರೆಯನ್ನು ಜಾರಿಗೆ ತರುವ ಕೈ ನನ್ನದು.

ಚಿತ್ರ ಹೊಲಸಾಗಿದೆ, ಒಪ್ಪುತ್ತೇನೆ. ಮಾತು ಮಾತಿಗೂ ಬೈಗುಳ, ಸಾಲದ್ದಕ್ಕೆ ವಾಂತಿ. ಭಾನುವಾರ ಚರ್ಚಿನ ಬಲಿಪೂಜೆ ತಪ್ಪಿಸದ ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆಮೇಲೆ ಆ ಬಚ್ಚಲುಮನೆಯ ದೃಶ್ಯ ಬಂತು. ಒಬ್ಬನ ವೃಷಣದಲ್ಲಿ ಗಂಟು. ಅವನು ಮುಚ್ಚಿಡುತ್ತಾನೆ. ಗೆಳೆಯ ಪತ್ತೆಹಚ್ಚಿ ಊರೆಲ್ಲ ಅಟ್ಟಾಡಿಸಿ ಹಿಡಿದು, “ಲೇ, ನಾಚ್ಕೆ ದೊಡ್ದಾ, ಜೀವ ದೊಡ್ದಾ? ಬಿಚ್ಚಲೇ ಡಾಕ್ಟ್ರ ಮುಂದೆ!” ಎನ್ನುತ್ತಾನೆ. ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

“ಪುರುಷರ ಗುಪ್ತಾಂಗದ ಬಗ್ಗೆ ಕೀಳು ಹಾಸ್ಯ, ಹದಿಹರೆಯದವರ ಮನಸ್ಸಿಗೆ ಹಾನಿ” ಎಂದು ತಾವು ಕಾರಣ ಬರೆದಿದ್ದೀರೆಂದು ಪತ್ರಿಕೆಯಲ್ಲಿ ಓದಿದೆ. ಹಾನಿ! ಆ ಪದದ ಅರ್ಥ ನನಗೆ ಗೊತ್ತಿದೆ.

ನನ್ನ ಮಗ ಆಗ್ನೆಲ್‌ಗೆ ಹದಿನಾರು. ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಎಂಟು ತಿಂಗಳು ಗಂಟನ್ನು ಬಚ್ಚಿಟ್ಟ. ಅವನ ಜೀವದ ಗೆಳೆಯ ಹಾಶಿಂಗೆ ಮಾತ್ರ ಗೊತ್ತಿತ್ತು. ಯಾರಿಗೂ ಹೇಳಬಾರದೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದ. ಕೆಮ್ಮು ಶುರುವಾಗಿ, ಅಂಗಿ ಜೋಲತೊಡಗಿದಾಗ ಆಸ್ಪತ್ರೆಗೆ ಒಯ್ದೆವು. ಅಷ್ಟರಲ್ಲಿ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. “ಇದು ಸಾಮಾನ್ಯವಾಗಿ ವಾಸಿಯಾಗೋ ಕಾಯಿಲೆ ಅಮ್ಮಾ. ಮೊದಲೇ ಯಾಕೆ ತೋರಿಸ್ಲಿಲ್ಲ?” ಎಂದರು ಡಾಕ್ಟರು. ನಾನು ಮಗನ ಮುಖ ನೋಡಿದೆ.

“ಹೇಗೆ ಹೇಳ್ಲಿ ಅಮ್ಮಚ್ಚಿ?” ಎಂದ. “ಆ ಜಾಗದ ಹೆಸರು ಹೇಳಿದ್ದಕ್ಕೆ ಒಂದ್ಸಲ ನನ್ನ ಬಾಯಿಗೆ ಸೋಪು ಹಾಕಿದ್ರಲ್ಲ ನೀವು.”

ಹೌದು, ಹಾಕಿದ್ದೆ. ಅವನಿಗಾಗ ಒಂಬತ್ತು. ಒಳ್ಳೆಯ ತಾಯಿ ಎನಿಸಿಕೊಳ್ಳಬೇಕಿತ್ತು ನನಗೆ. ಕಳೆದ ಫೆಬ್ರವರಿಯಲ್ಲಿ ಅವನನ್ನು ಮಣ್ಣು ಮಾಡಿದೆವು.

ಈಗ ಹೇಳಿ, ಯಾವ ಮಕ್ಕಳ ಮನಸ್ಸನ್ನು ಕಾಪಾಡುತ್ತಿದ್ದೀರಿ? ಇದಕ್ಕಿಂತ ಹೊಲಸು ಅವರ ಮೊಬೈಲಿನಲ್ಲಿ ಹಗಲೆಲ್ಲ ಹರಿಯುತ್ತದೆ, ಅದಕ್ಕೆ ಯಾವ ಮುದ್ರೆಯೂ ಇಲ್ಲ. ಜೀವ ಉಳಿಸುವ ಒಂದು ಹೊಲಸು ಮಾತಿಗೆ ಮಾತ್ರ ಕಾವಲೇ?

ಹೋದ ಶನಿವಾರದ ಮ್ಯಾಟಿನಿಗೆ ಹಾಶಿಂ ಮೂವರು ಸಹಪಾಠಿಗಳೊಂದಿಗೆ ಬಂದ. ವಯಸ್ಸಿನ ದಾಖಲೆ ಕೇಳಿದೆ. ಎಲ್ಲರಿಗೂ ಹದಿನೇಳು.

“ಬಿಡಿ ಆಂಟಿ, ಅದ್ರಲ್ಲಿ ನಮ್ಮ ಆಗ್ನೆಲ್ ಕಥೆ ಇದ್ಯಂತೆ” ಎಂದ ಹಾಶಿಂ.

ಮ್ಯಾನೇಜರ್ ಹಿಂದೆಯೇ ನಿಂತಿದ್ದರು. ನಾನು ಆಗದೆಂದು ತಲೆಯಾಡಿಸಿದೆ. ಹಾಶಿಂ ಸೇರಿ ಮೂವರು ಮೆಟ್ಟಿಲಿಳಿದರು. ನಾಲ್ಕನೆಯವನು ಅಲ್ಲೇ ಉಳಿದ. ಅವನ ಹೆಸರು ನಾನು ಹೇಳುವುದಿಲ್ಲ. ನೆಲ ನೋಡುತ್ತಾ ಪಿಸುಗುಟ್ಟಿದ: “ಆಂಟಿ... ನೋವಿಲ್ದೆ ಇದ್ರೆ ಪರವಾಗಿಲ್ವಾ?”

ಟಿಕೆಟ್ ಕಟ್ಟು ಕೈಯಿಂದ ಬಿತ್ತು. “ಎಷ್ಟು ದಿನದಿಂದ?” ಎಂದೆ. “ಐದು ತಿಂಗಳು.” ಬಾಗಿಲನ್ನು ಹಾಗೆಯೇ ಬಿಟ್ಟೆ. ಅವನ ಕೈ ಹಿಡಿದು ಆಟೋ ಹತ್ತಿದೆ. ದಾರಿಯಲ್ಲೇ ಅವನಿಂದ ಅವನಮ್ಮನಿಗೆ ಫೋನ್ ಮಾಡಿಸಿದೆ. ಅದೇ ಆಸ್ಪತ್ರೆ, ಅದೇ ಬೆಂಚು. ಆಕೆ ಓಡಿ ಬಂದು ನನ್ನ ಪಕ್ಕದಲ್ಲಿ ಕೂತರು.

ಸ್ಕ್ಯಾನ್ ಆಯಿತು. ಬರಿ ನೀರು ತುಂಬಿದ ಊತ, ಭಯವಿಲ್ಲ ಎಂದರು. ಹುಡುಗ ತಾಯಿಯ ಹೆಗಲ ಮೇಲೆ ತಲೆಯಿಟ್ಟು ಚಿಕ್ಕ ಮಗುವಿನಂತೆ ಅತ್ತ. ಐದು ತಿಂಗಳು ಅವನು ಸಾವನ್ನು ಒಬ್ಬನೇ ಹೊತ್ತುಕೊಂಡು ಶಾಲೆಗೆ ಹೋಗುತ್ತಿದ್ದ ಮಾನ್ಯರೇ. ಮುಂದಿನವನದೂ ಬರಿ ನೀರೇ ಆಗಿರುತ್ತದೆಂದು ತಾವು ಬರೆದುಕೊಡುತ್ತೀರಾ?

ಬಾಗಿಲು ಬಿಟ್ಟು ಹೋದದ್ದಕ್ಕೆ ನನಗೆ ನೋಟಿಸು ಬಂದಿದೆ. ಬರಲಿ. ನನ್ನ ಬೇಡಿಕೆ ಇಷ್ಟೇ: ಚಿತ್ರವನ್ನು ಮತ್ತೊಮ್ಮೆ ನೋಡಿ, ಹದಿನಾರು ತುಂಬಿದವರಿಗೆ ತೆರೆಯಿರಿ. ಬೈಗುಳ ಬೇಕಾದರೆ ಕತ್ತರಿಸಿ, ವಾಂತಿಯನ್ನೂ ಕತ್ತರಿಸಿ. ಬಚ್ಚಲುಮನೆಯ ದೃಶ್ಯವನ್ನು ಮಾತ್ರ ಮುಟ್ಟಬೇಡಿ. ಕೈಮುಗಿಯುತ್ತೇನೆ, ಬೇಗ ಮಾಡಿ. ಈ ಶುಕ್ರವಾರ ನಮ್ಮ ಟಾಕೀಸಿನಲ್ಲಿ ಚಿತ್ರ ಬದಲಾಗುತ್ತದೆ.

ಇಂತಿ,
ಅಲ್ಲಿಯವರೆಗೂ ತಮ್ಮ ಆಜ್ಞೆ ಪಾಲಿಸಬಲ್ಲೆನೆಂಬ ಭರವಸೆಯಿಲ್ಲದ
ರೋಸಿಲಿ ದೇವಸ್ಸಿ,
ಆಗ್ನೆಲ್‌ನ ತಾಯಿ